ರಜೆಗೆ ಹೋದವನು, ಬಿಟ್ಟು ಹೋದವನು

ಸಂಜೀವಣ್ಣ ನಮ್ಮ ಕಾರ್ಡುಗಳನ್ನು ಒಮ್ಮೆಯೂ ಮುಟ್ಟಿದವರಲ್ಲ. ಟೇಬಲ್ ಒರೆಸಬೇಕಾದರೂ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು, "ಸ್ವಲ್ಪ ಎತ್ತಿ ಮೇಡಂ" ಎಂದು ಕಾಯುತ್ತಿದ್ದರು. ಆದರೂ ನಮ್ಮ ಆಟದ ಜಗಳಗಳನ್ನು ತೀರಿಸುತ್ತಿದ್ದವರು ಅವರೇ.

ಮಾಂಬಲಂ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಅವರು ಸೂಪರ್‌ವೈಸರ್. ಕುಂದಾಪುರದ ಕಡೆಯವರು, ಇಪ್ಪತ್ತಾರು ವರ್ಷದಿಂದ ಅಲ್ಲೇ. ಭಾನುವಾರ ಊಟದ ಗದ್ದಲ ಮುಗಿದ ಮೇಲೆ ಮಹಡಿಯಲ್ಲಿ ನಾನೂ ನನ್ನ ಬ್ಯಾಂಕಿನ ಸಹೋದ್ಯೋಗಿ ಕಾರ್ತಿಕ್ಕೂ ಆಡುತ್ತಿದ್ದೆವು. ಮೊದಲ ದಿನ "ಇಲ್ಲಿ ಇಸ್ಪೀಟು ಆಡ್ಲಿಕ್ಕಿಲ್ಲ" ಎಂದು ಗದರಿಸಲು ಬಂದವರು, ಕಾರ್ಡಿನ ಮೇಲೆ ರೆಕ್ಕೆ ಬಿಚ್ಚಿದ ಪ್ರಾಣಿಯನ್ನು ಕಂಡು ಅಲ್ಲೇ ನಿಂತರು. ನಮ್ಮದು ಇಸ್ಪೀಟಲ್ಲ, ಸೈನಿಕರ, ವಿಚಿತ್ರ ಪ್ರಾಣಿಗಳ ಚಿತ್ರವಿರುವ ಕಾರ್ಡುಗಳಿಂದ ಯುದ್ಧ ಮಾಡುವ ಆಟ. ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ನಿಯಮ ಕಲಿತರು. ಅದೇನು ದೊಡ್ಡ ಮಾತಲ್ಲ, ನನ್ನ ತಲೆಗೆ ನಿಯಮಗಳು ಹತ್ತುವುದೇ ಇಲ್ಲ.

ನನ್ನನ್ನು ಪೂರ್ತಿ ಕಂಗೆಡಿಸಿದ್ದು ಮಾಯವಾಗುವ ಕಾರ್ಡು. ಕಾರ್ತಿಕ್ ತನ್ನ ಸೈನಿಕನನ್ನು 'ಮಾಯ' ಮಾಡಿದ. ಕಾರ್ಡು ಕಣ್ಣೆದುರೇ ಇತ್ತು. ನಾನು ಹೊಡೆಯಲು ಹೋದರೆ ಬಿಡಲಿಲ್ಲ.

"ಇರುಕ್ಕು, ಆನಾ ಇಲ್ಲ" ಎಂದ ತಮಿಳಿನಲ್ಲಿ. ಇದೆ, ಆದರೆ ಇಲ್ಲವಂತೆ! ಮುಂದಿನ ಸರದಿಗೆ ಅದು ಗಳಿಸಿದ ಬಲವನ್ನೆಲ್ಲ ಇಟ್ಟುಕೊಂಡೇ ವಾಪಸ್ ಬಂತು. ಸರಿ, ನಾನೂ ನನ್ನದೊಂದು ಕಾರ್ಡನ್ನು ಆಟದಿಂದ ಹೊರಗೆ ಕಳಿಸಿ ಮತ್ತೆ ಕರೆಸಿದೆ. ನನ್ನದರ ಬಲವೆಲ್ಲ ಹೋಯಿತು ಎಂದ. ಅದೇ ಕಾರ್ಡು, ಅದೇ ಜಾಗ. ಇದ್ಯಾವ ನ್ಯಾಯವೆಂದು ನಾನು ರೇಗಿದೆ.

ಸಂಜೀವಣ್ಣ ನಕ್ಕರು. "ನಮ್ಮ ಸಪ್ಲೈಯರ್ ರಜೆ ಹಾಕಿ ಊರಿಗೆ ಹೋಗ್ತಾನೆ ಅಂತ ಇಟ್ಕೊಳ್ಳಿ. ಇಲ್ಲಿಲ್ಲ, ನಾನು ಕೆಲಸ ಹೇಳ್ಲಿಕ್ಕಾಗುದಿಲ್ಲ, ಬೈಲಿಕ್ಕೂ ಆಗುದಿಲ್ಲ. ಆದ್ರೆ ಅವನ ಹೆಸರು ಇಲ್ಲೇ ಉಂಟು. ಬಂದ್ರೆ ಹಳೇ ಜನವೇ. ಇನ್ನೊಬ್ಬ ಕೆಲಸ ಬಿಟ್ಟು ಹೋಗಿ ನಾಳೆಯೇ ಬಂದ ಅಂತ ಇಟ್ಕೊಳ್ಳಿ. ಮುಖ ಅದೇ, ಆದ್ರೆ ಹೊಸಬ. ಅವನ ಸರ್ವೀಸ್ ಸೊನ್ನೆ. ಅಷ್ಟೇ ಮೇಡಂ."

ಅರ್ಥವಾಯಿತೆಂದು ತಲೆಯಾಡಿಸಿದೆ. ಆಗಿರಲಿಲ್ಲ.

ಮರುವರ್ಷ ಹೋಟೆಲಿಗೆ ಹೊಸ ಮಾಲೀಕರು ಬಂದರು. ಒಂದು ಮಧ್ಯಾಹ್ನ ಸಂಜೀವಣ್ಣ ಇಂಗ್ಲಿಷಿನ ಎರಡು ಕಾಗದಗಳನ್ನು ನನ್ನ ಮುಂದಿಟ್ಟರು. "ಎಲ್ರೂ ಸೈನ್ ಹಾಕ್ಬೇಕಂತೆ. ಎಂತ ಬರ್ದಿದ್ದಾರೆ, ನೋಡಿ."

ಒಂದು ರಾಜೀನಾಮೆ. ಇನ್ನೊಂದು, ಮರುದಿನದಿಂದಲೇ ಹೊಸ ನೇಮಕ. ಹುದ್ದೆ, ಸಂಬಳ ಯಾವುದೂ ಬದಲಾಗಿರಲಿಲ್ಲ.

"ಬರೀ ಫಾರ್ಮಾಲಿಟಿ ಅಣ್ಣ. ಸೈನ್ ಹಾಕಿ," ಎಂದೆ.

"ನನ್ನ ಸರ್ವೀಸ್ ಹೋಗುದಿಲ್ವಾ?"

"ಅದೇ ಕೆಲಸ, ಅದೇ ಜಾಗ. ಹೋಗೋದೇನು?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಬ್ಯಾಂಕಿನವಳು, ದಿನವಿಡೀ ಇಂಥ ಕಾಗದ ಓದುವವಳು. ನನ್ನ ಪೆನ್ನನ್ನೇ ತೆಗೆದುಕೊಂಡು ಸಹಿ ಹಾಕಿದರು.

ನಾಲ್ಕು ತಿಂಗಳ ನಂತರ ಜನ ಕಡಿಮೆ ಮಾಡುವಾಗ ಹೊಸಬರನ್ನು ಮೊದಲು ಕಳಿಸಿದರು. ಕಾಗದದ ಪ್ರಕಾರ ಸಂಜೀವಣ್ಣ ನಾಲ್ಕು ತಿಂಗಳ ಹೊಸಬ.

ವಿಷಯ ತಿಳಿದು ಓಡಿದೆ. ಅವರು ಹಿಂಬಾಗಿಲ ಹತ್ತಿರ ಚೀಲಕ್ಕೆ ಹಗ್ಗ ಬಿಗಿಯುತ್ತಿದ್ದರು. ನಾಚಿಕೆಯಿಂದ ನನಗೆ ಅಳು ಬಂತು. "ಅಣ್ಣ, ನಂಗೆ ಗೊತ್ತಾಗಲಿಲ್ಲ. ನನ್ನಿಂದಲೇ ಹೀಗಾಯ್ತು" ಎಂದೆ.

ಅವರು ಗಂಟು ಹಾಕಿ ಮುಗಿಸಿದರು. "ಓದಿದ್ದು ನೀವು, ಸೈನ್ ಹಾಕಿದ್ದು ನಾನು. ಎಂತ ಮಾಡುದು ಮೇಡಂ?" ಎಂದರು. ಆಮೇಲೆ, ನಾನು ಕಾಫಿ ಕುಡಿದೇ ಹೋಗಬೇಕೆಂದು, ನನಗೊಂದು ಕಾಫಿ ತರಲು ಒಳಗೆ ಕೂಗಿ ಹೇಳಿ, ತಾವು ಆಟೋ ಹತ್ತಿದರು.

ಆ ಮಾತಿನಲ್ಲಿ ಇದ್ದದ್ದು ಸಿಟ್ಟೋ ಸಮಾಧಾನವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕಾಫಿ ಬಂತು. ಕುಡಿದೆ.