ಮಂಡಿಗೆ ಬಾಣಂತನ

ಮಂಡ್ಯದ ಡಾಕ್ಟರು ಮೆತ್ತಗೇ ಹೇಳಿದರು. ಮುಂದಿನ ಸಲ ಬರುವಷ್ಟರಲ್ಲಿ ಮಂಡಿ ತೊಂಬತ್ತು ಡಿಗ್ರಿಯಾದರೂ ಮಡಚದಿದ್ದರೆ ಮತ್ತೆ ಆಪರೇಷನ್ ಕೋಣೆ. ಪ್ರಜ್ಞೆ ತಪ್ಪಿಸಿ ತಾವೇ ಬಲವಂತವಾಗಿ ಮಡಚುತ್ತಾರಂತೆ. ಲಾರಿಯಿಂದ ರಸ್ತೆಗೆ ಬಿದ್ದಿದ್ದ ಕಬ್ಬಿನ ಜಲ್ಲೆಯ ಮೇಲೆ ಸ್ಕೂಟರ್ ಹತ್ತಿಸಿ ಮಂಡಿಚಿಪ್ಪು ಒಡೆದುಕೊಂಡಾಗ ಒಮ್ಮೆ ಆ ಕೋಣೆಗೆ ಹೋಗಿಬಂದಿದ್ದೆ. ಇನ್ನೊಮ್ಮೆ ನನ್ನಿಂದಾಗದು.

ಕಾಲು ಕೊರಡಾಗಲು ಕಾರಣ ನನ್ನ ಅತ್ತೆಯ ಪ್ರೀತಿ. ಆಸ್ಪತ್ರೆಯಿಂದ ಬಂದವಳನ್ನು ಅವರು ಥೇಟ್ ಬಾಣಂತಿ ಮಾಡಿ ಮಲಗಿಸಿದ್ದರು. ಊಟಕ್ಕೆ ಬೆಳ್ಳುಳ್ಳಿ ಸಾರು, ಮೈಗೆ ಎಣ್ಣೆ, ಮಂಡಿಯ ಮೇಲೆ ಹಂಡೆಯ ಸುಡುನೀರು. ವ್ಯಾಯಾಮಕ್ಕೆಂದು ಕಾಲು ಎತ್ತಿದರೆ ಓಡಿಬರುತ್ತಿದ್ದರು.

"ಅಸಿ ಮೂಳೆ ಕಣವ್ವ, ಅಲ್ಲಾಡಿಸ್ಬ್ಯಾಡ. ಸುಮ್ಕೆ ಮನಿಕೊ."

ಮದ್ದೂರಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಐಸ್ ಇಡಿ ಎಂದರೆ ನಮ್ಮನೆಯಲ್ಲಿ ಬಿಸಿನೀರು ಬೀಳುತ್ತಿತ್ತು. ಮಂಡಿ ಊದಿಕೊಂಡೇ ಇತ್ತು. ಡಾಕ್ಟರ ಮಾತು ಕೇಳಿ ಬಂದ ಮೇಲೆ ಒಂದು ದಿನ ನನಗೆ ತಡೆಯಲಾಗಲಿಲ್ಲ.

"ನಾನೇನು ಮಗು ಹೆತ್ತಿದ್ದೀನಾ ಅತ್ತೆ? ಬಿದ್ದು ಕಾಲು ಮುರ್ಕಂಡಿದ್ದೀನಿ!"

ಅವರು ಚೊಂಬು ಕೆಳಗಿಟ್ಟು ಎದ್ದುಹೋದರು. ಮರುದಿನ ನನಗಿಂತ ಮೊದಲೇ ಸೀರೆ ಬದಲಾಯಿಸಿಕೊಂಡು ಮದ್ದೂರಿನ ಬಸ್ಸಿಗೆ ನಿಂತಿದ್ದರು, ಆ ಹುಡುಗಿಯ ಮೇಲೆ ಜಗಳಕ್ಕೆ.

"ಮಡ್ಚು ಮಡ್ಚು ಅಂತೀಯಲ್ಲ, ಮತ್ತೆ ಮುರುದ್ರೆ ನೀನ್ ಬಂದು ನೋಡ್ಕತೀಯಾ?"

ಹುಡುಗಿ ಜಗಳಕ್ಕೆ ಬರಲಿಲ್ಲ. "ಮೂಳೆ ಕೂಡಿದೆ ಅಮ್ಮ. ಈಗ ಸುತ್ತ ಇರೋ ಮಾಂಸ ಅಂಟ್ಕೊಂಡಿದೆ. ಮನೇಲಿ ದಿನಾ ನೀವು ಬಿಡಿಸ್ದೆ ಇದ್ರೆ ಡಾಕ್ಟ್ರು ಒಂದೇ ಸಲ ಬಿಡಿಸ್ತಾರೆ" ಎಂದವಳೇ ಅತ್ತೆಯ ಕೈ ಹಿಡಿದು ನನ್ನ ಕಣಕಾಲಿನ ಮೇಲೆ ಇಟ್ಟಳು. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟಳು.

ಅಂದಿನಿಂದ ಬಿಸಿನೀರು ನಿಂತಿತು. ನಾನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಅವರು ಮುಂದೆ ಕೂತು ಕಾಲನ್ನು ಹಿಂದಕ್ಕೆ ಒತ್ತುವುದು. ನಾನು ಕಿರುಚಿಕೊಂಡರೆ ನನ್ನ ಗಂಡ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದ. ಅತ್ತೆ ಏಳುತ್ತಿರಲಿಲ್ಲ. ಒತ್ತುತ್ತಲೇ ಅಳುತ್ತಿದ್ದರು, ಅಳುತ್ತಲೇ ಬೈಯುತ್ತಿದ್ದರು.

"ಇನ್ನೊಸಿ ತಡ್ಕೊ. ಇನ್ನೊಸಿ."

ಅವರು ಕೋಣೆಯೊಳಗೆ ಬಂದರೆ ಸಾಕು, ನಾನು ಕಾಲನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ಅವರನ್ನು ಕಂಡರೇ ಆಗುತ್ತಿರಲಿಲ್ಲ. ಒಂದು ದಿನ ಮಂಡಿ ಸ್ವಲ್ಪ ಬಗ್ಗುತ್ತಿತ್ತು, ಮರುದಿನ ಮತ್ತೆ ಹಠ ಹಿಡಿಯುತ್ತಿತ್ತು.

ಡಾಕ್ಟರಿಗೆ ತೋರಿಸುವ ದಿನ ಬಂದಾಗಲೂ ತೊಂಬತ್ತು ಮುಟ್ಟುತ್ತದೋ ಇಲ್ಲವೋ ಹೇಳುವಂತಿರಲಿಲ್ಲ. ಮಂಡ್ಯಕ್ಕೆ ಅತ್ತೆಯೇ ಜೊತೆಗೆ ಬಂದರು. ಡಾಕ್ಟರು ಕೋನ ಅಳೆಯುವ ಪಟ್ಟಿಯನ್ನು ಮಂಡಿಯ ಪಕ್ಕ ಹಿಡಿದು, "ಮಡಚಿ" ಎಂದರು. ಹಲ್ಲು ಕಚ್ಚಿ ಮಡಚಿದೆ. ತೊಂಬತ್ತರ ಹತ್ತಿರ ಬಂದು ನಿಂತಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದೆ. ದಾಟಿತು.

"ಆಪರೇಷನ್ ಬೇಡ. ಮನೆಯಲ್ಲಿ ಇದನ್ನೇ ಮುಂದುವರಿಸಿ" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡು, ಸೆರಗನ್ನು ಎರಡೂ ಕಿವಿಗೆ ಒತ್ತಿ ಹಿಡಿದು ಕೂತಿದ್ದರು. ನನ್ನ ಕಿರುಚಾಟ ಕೇಳಬಾರದೆಂದು. ಅವರ ಪಕ್ಕದಲ್ಲಿ ಕೂತೆ, ಎರಡೂ ಪಾದಗಳನ್ನು ನೆಲಕ್ಕೆ ಸಮನಾಗಿ ಊರಿ. ಕಣ್ಣು ಬಿಟ್ಟವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಬಗ್ಗಿ ಮಂಡಿಗೆ ಕೈ ಚಾಚಿದರು. ನಾನು ಬೆಚ್ಚಿ ಕಾಲು ಎಳೆದುಕೊಂಡೆ.

ಅವರ ಕೈ ಹಾಗೇ ನಿಂತಿತು.

"ಒತ್ತಾಕಿಲ್ಲ ಕಣವ್ವ" ಎಂದರು. "ಸುಮ್ಕೆ ಮುಟ್ತೀನಿ."