ಹಳೆಯ ನೋಟ್ಸಿನ ಚೀನಾ

ಬಿಳಿ ಅರೆತೋಳಿನ ಅಂಗಿ, ಅದರ ಜೇಬಿನ ಮೂಲೆಯಲ್ಲಿ ಸದಾ ಒಂದು ಕೆಂಪು ಕಲೆ. ಮದ್ದೂರಿನ ಕಾಲೇಜಿಗೆ ಹೊಸದಾಗಿ ಸೇರಿದವರೆಲ್ಲ ಅದನ್ನು ಎಲೆಅಡಿಕೆಯ ರಸವೆಂದೇ ತಿಳಿಯುತ್ತಿದ್ದರು. ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಎಲೆಅಡಿಕೆ ಮುಟ್ಟಿದವರಲ್ಲ. ಅದು ಕೆಂಪು ಸೀಮೆಸುಣ್ಣದ ಗುರುತು. ಹಲಗೆಯ ಮೇಲೆ ನಕ್ಷೆ ಬರೆಯುವಾಗ ಬೇರೆ ದೇಶಗಳಿಗೆಲ್ಲ ಬಿಳಿಯದು ಸಾಕು, ಚೀನಾಕ್ಕೆ ಮಾತ್ರ ಕೆಂಪೇ ಬೇಕು. ಮೇಜಿನ ಮೇಲಿಟ್ಟರೆ ನಾವು ಕದಿಯುತ್ತೇವೆಂಬ ಅನುಮಾನದಿಂದ ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಅನುಮಾನ ಸುಳ್ಳೇನಲ್ಲ.

ರಾಜ್ಯಶಾಸ್ತ್ರದಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ಚೀನಾದ ವಿದೇಶಾಂಗ ನೀತಿ. ಪಠ್ಯದಲ್ಲಿ ಅದಕ್ಕೆ ಎರಡು ಪುಟವಿದ್ದರೆ ಅವರು ಎರಡು ವಾರ ತೆಗೆದುಕೊಳ್ಳುತ್ತಿದ್ದರು. ನೋಟ್ಸಿನಲ್ಲಿ ಅದನ್ನು ಮೂರು ಕಾಲ ಮಾಡಿದ್ದರು. ಮೊದಲನೆಯದು ಕ್ರಾಂತಿಯನ್ನು ಅಕ್ಕಪಕ್ಕದ ಮನೆಗಳಿಗೂ ಹಂಚಲು ಹೊರಟ ಕಾಲ. ಆಮೇಲಿನದು ಅಮೆರಿಕದ ಕೈ ಕುಲುಕಿ ಬಾಗಿಲು ತೆರೆದ ಕಾಲ. ಮೂರನೆಯದಕ್ಕೆ ಅವರೇ ಇಟ್ಟ ಹೆಸರು "ತಲೆ ತಗ್ಗಿಸಿದ ಕಾಲ": ಯಾರ ತಂಟೆಗೂ ಹೋಗದೆ ಕಾರ್ಖಾನೆ ಕಟ್ಟಿಕೊಂಡು ದುಡಿಯುವುದು. "ಬರ್ಕೊಳ್ರಿ, ಇದೇ ಕೊನೇ ವಾಕ್ಯ" ಎಂದು ನಿಧಾನವಾಗಿ ಹೇಳಿ ಬರೆಸುತ್ತಿದ್ದರು: ಇನ್ನು ಮುಂದೆ ಚೀನಾ ನೆರೆಹೊರೆಯವರೊಂದಿಗೆ ಜಗಳಕ್ಕಿಳಿಯದೆ ವ್ಯಾಪಾರದ ಕಡೆಗೇ ಗಮನ ಕೊಡುತ್ತದೆ. ನಾವು ಬಾಯಿಪಾಠ ಮಾಡಿದೆವು. ಅದೇ ವಿಷಯ ಓದಿ ನಾನು ಮಳವಳ್ಳಿಯಲ್ಲಿ ಉಪನ್ಯಾಸಕಿಯಾದಾಗ ನನ್ನ ವಿದ್ಯಾರ್ಥಿಗಳಿಗೂ ಅದೇ ವಾಕ್ಯವನ್ನು ಬರೆಸಿದೆ.

ನಮ್ಮೂರು ನಿಡಘಟ್ಟದಲ್ಲಿ ಅವರ ಮನೆ ನಮ್ಮ ಮನೆಯಿಂದ ಮೂರನೆಯದು. ನನ್ನ ತಮ್ಮ ಸೈನ್ಯಕ್ಕೆ ಆಯ್ಕೆಯಾದಾಗ ಅವ್ವ ಸುತರಾಂ ಒಪ್ಪಲಿಲ್ಲ. ಅಪ್ಪ ತೀರಿಕೊಂಡಿದ್ದರಿಂದ ಅವಳ ಪಾಲಿಗೆ ಹಿರಿಯರೆಂದರೆ ಮೇಷ್ಟ್ರೇ. ಅವರನ್ನು ಕರೆಸಿ ಕೇಳಿದಳು: "ಯುದ್ಧ ಗಿದ್ಧ ಆಯ್ತದಾ ಮೇಷ್ಟ್ರೇ? ಇದ್ದಂಗೆ ಯೋಳ್ಬುಡಿ."

"ಚೀನಾ ಬಾರ್ಡರಿಗೆ ಆಕುದ್ರೆ ಏನೂ ಎದ್ರಬ್ಯಾಡ ಕಣವ್ವ. ಅಲ್ಲಿ ಗುಂಡು ಆರ್ಸಿ ಎಷ್ಟೋ ವರ್ಸ ಆಯ್ತು. ಅವ್ರು ವ್ಯಾಪಾರದೋರು, ಜಗಳ ಆಡಾಕಿಲ್ಲ. ಧೈರ್ಯವಾಗಿ ಕಳ್ಸು."

ಅವ್ವ ಕಳಿಸಿದಳು. ಅವರ ಮಾತಿನ ಮೇಲೆ, ಅಷ್ಟೇ.

ಕೊರೊನಾದ ಆ ಜೂನ್ ತಿಂಗಳಲ್ಲಿ ತಮ್ಮ ಲಡಾಖ್‌ನಲ್ಲಿದ್ದ. ಗಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಸತ್ತ ಸುದ್ದಿ ಟಿವಿಯಲ್ಲಿ ಬಂದಾಗ ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಮ್ಮನ ಫೋನ್ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಸತ್ತವರ ಹೆಸರುಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಪಟ್ಟಿಯಲ್ಲಿ ಅವನಿರಲಿಲ್ಲ. ಆದರೆ ಗಾಯಗೊಂಡವರು ಯಾರೆಂದು ಯಾರೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಾಗಲೇ ನಿವೃತ್ತರಾಗಿದ್ದ ಮೇಷ್ಟ್ರು ದಿನವೂ ಬೆಳಗ್ಗೆ ಪೇಪರ್ ಹಿಡಿದು ಬರುತ್ತಿದ್ದರು. ಒಳಗೆ ಬಾರದೆ ಜಗಲಿಯ ತುದಿಯಲ್ಲಿ ಕೂತು ಎರಡೂ ಸರ್ಕಾರಗಳ ಹೇಳಿಕೆಯನ್ನು ಪದಪದವಾಗಿ ಓದುವರು. "ಕಳವಳ" ಎಂದಿದ್ದರೆ ಪರವಾಗಿಲ್ಲ, "ಪರಿಣಾಮ" ಎಂಬ ಮಾತು ಬಂದರೆ ಕೆಟ್ಟದ್ದು ಎಂದು ನಮಗೆ ಪಾಠ ಹೇಳಿದ್ದವರು ಅವರೇ. ಈಗ ಆ ಪದ ಕಂಡರೆ ಪೇಪರನ್ನು ಮಡಚಿಬಿಡುತ್ತಿದ್ದರು. ಅಷ್ಟು ಗಟ್ಟಿ ಮನುಷ್ಯ ಹೆದರಿದ್ದನ್ನು ಕಂಡು ನನಗೆ ಟಿವಿಯ ಸುದ್ದಿಗಿಂತ ಹೆಚ್ಚು ಭಯವಾಯಿತು.

ನಾಲ್ಕನೆಯ ದಿನ ಅವ್ವ ಬಾಗಿಲಿಗೆ ಬಂದು ನಿಂತಳು.

"ಗುಂಡು ಆರ್ಸಾಕಿಲ್ಲ ಅಂದ್ರಿ. ಸರಿ, ಆರ್ಸಲಿಲ್ಲ. ದೊಣ್ಣೆ ತಕಂಡು ಒಡ್ದವ್ರಲ್ಲ ಮೇಷ್ಟ್ರೇ!"

ಮೇಷ್ಟ್ರು ಪೇಪರನ್ನು ಪಕ್ಕಕ್ಕಿಟ್ಟು ಹೇಳಿದರು: "ತಪ್ಪಾಯ್ತು ಕಣವ್ವ. ಅಳೇ ನೋಟ್ಸು ಓದಿ ಯೋಳ್ಬುಟ್ಟೆ. ತಲೆ ತಗ್ಸವ್ನೆ ಅಂದ್ರೆ ಪಾಪದೋನು ಅಂದ್ಕಂಡೆ. ಅವ್ನು ಬದು ನೋಡ್ತಿದ್ದ."

ಬದುವಿನ ಮಾತನ್ನು ಅವ್ವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಉಳುವಾಗಲೆಲ್ಲ ಒಂದೊಂದು ಸಾಲು ನಮ್ಮ ಹೊಲದೊಳಗೆ ಒತ್ತಿಕೊಂಡು ಬರುವ ಪಕ್ಕದ ಜಮೀನಿನವನ ಜೊತೆ ಅವಳು ಮದುವೆಯಾಗಿ ಬಂದಂದಿನಿಂದ ಹೆಣಗುತ್ತಿದ್ದಳು. ಕೇಳಿದರೆ ಅವನೂ ನಗುನಗುತ್ತಲೇ ಮಾತಾಡುತ್ತಿದ್ದ. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಆರನೆಯ ದಿನ ತಮ್ಮ ಫೋನ್ ಮಾಡಿದ. ಬೇರೆ ಪೋಸ್ಟಿನಲ್ಲಿದ್ದನಂತೆ, ಏನೂ ಆಗಿರಲಿಲ್ಲ. ಅವ್ವ ನಿಂತಲ್ಲೇ ಮುತ್ತತ್ತಿ ಆಂಜನೇಯನಿಗೆ ಕೈಮುಗಿದಳು. ನಮಗೆ ಹೋದ ಜೀವ ಬಂದಿತು. ಮೇಷ್ಟ್ರಿಗೆ ಮಾತ್ರ ಬರಲಿಲ್ಲ.

ಕಾಲೇಜುಗಳು ತೆರೆದ ಮೇಲೆ ಒಂದು ದಿನ ಅವರು ಬಸ್ಸು ಹತ್ತಿ ಮಳವಳ್ಳಿಗೆ, ನನ್ನ ಕಾಲೇಜಿಗೇ ಬಂದರು. ಸ್ಟಾಫ್ ರೂಮಿನಲ್ಲಿ ಕೂತು ನನ್ನ ನೋಟ್ಸ್ ತರಿಸಿಕೊಂಡು ಆ ಕೊನೆಯ ವಾಕ್ಯದ ಮೇಲೆ ತಾವೇ ಗೆರೆ ಎಳೆದರು.

"ಇದರ ಜಾಗದಲ್ಲಿ ಏನು ಬರೆಸಲಿ ಮೇಷ್ಟ್ರೇ?" ಎಂದೆ.

"ಏನೂ ಬರೆಸ್ಬ್ಯಾಡ. ಮುಂದೇನು ಅಂತ ಕೇಳುದ್ರೆ ಗೊತ್ತಿಲ್ಲ ಅನ್ನು. ಆ ಒಂದು ಮಾತು ಮೂವತ್ತು ವರ್ಸದಲ್ಲಿ ನನ್ನ ಬಾಯಿಗೆ ಬರ್ನಿಲ್ಲ ನೋಡು."

ಮಿಕ್ಕ ಪಾಠವನ್ನೆಲ್ಲ ಪುಸ್ತಕ ನೋಡಿ ಯಾರಾದರೂ ಹೇಳಿಕೊಡುತ್ತಿದ್ದರು. ಇದನ್ನು ಹೇಳಿಕೊಟ್ಟವರು ಅವರೊಬ್ಬರೇ. ಇವತ್ತಿಗೂ ತರಗತಿಯಲ್ಲಿ "ಗೊತ್ತಿಲ್ಲ" ಎನ್ನುವಾಗ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟುಬಿಡುತ್ತೇನೆ.

ಹೋದ ವರ್ಷ ಅವರು ಮಂಡ್ಯದಲ್ಲಿ ಆಸ್ಪತ್ರೆ ಸೇರಿದರು. ಗಡಿಯಲ್ಲಿ ಎರಡೂ ಕಡೆಯವರು ಹಿಂದೆ ಸರಿದರೆಂದೂ ಚೀನಾಕ್ಕೆ ಮತ್ತೆ ವಿಮಾನ ಹಾರುತ್ತದೆಂದೂ ಪೇಪರಿನಲ್ಲಿ ಬರುತ್ತಿದ್ದ ಕಾಲ. ತಮ್ಮನಿಗೆ ಎರಡನೆಯ ಸಲ ಅದೇ ಗಡಿಗೆ ವರ್ಗವಾಗಿತ್ತು. ರಜೆಯಲ್ಲಿ ಬಂದವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇಷ್ಟ್ರು ಅವನ ಕೈ ಹಿಡಿದು, "ಎಂಗವ್ರೆಲಾ ಈಗ ಚೀನಾದೋರು?" ಎಂದರು.

"ಎಲ್ಲ ತಣ್ಣಗದೆ ಮೇಷ್ಟ್ರೇ. ಇನ್ನೇನೂ ಆಗಾಕಿಲ್ಲ. ನೀವು ಚಿಂತೆ ಬುಟ್ಬುಡಿ" ಎಂದ ತಮ್ಮ.

ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಆ ಜೂನ್ ತಿಂಗಳಲ್ಲಿ ನಮ್ಮ ಜಗಲಿಯ ಮೇಲೆ ಕಂಡಿದ್ದ ಹೆದರಿಕೆ ಆ ಕಣ್ಣುಗಳಲ್ಲಿ ಹಾಗೆಯೇ ಇತ್ತು.

"ಯಾರ ನೋಟ್ಸ್ಲಾ ಅದು?"

ಎರಡು ದಿನಕ್ಕೆ ಮೇಷ್ಟ್ರು ತೀರಿಕೊಂಡರು. ತಮ್ಮನೂ ಹೆಗಲು ಕೊಟ್ಟ. ರಜೆ ಮುಗಿದ ದಿನ ಅವ್ವ ಮದ್ದೂರು ಸ್ಟೇಷನ್ನಿನವರೆಗೂ ಅವನ ಜೊತೆ ಬಂದಳು. ಈ ಸಲ ಅವಳು ಯಾರನ್ನೂ ಏನೂ ಕೇಳಲಿಲ್ಲ.