ದೀಪವಿಲ್ಲದ ಮೈದಾನದಲ್ಲಿ ಟೀ

ಮೆಲ್ಬರ್ನ್‌ನ ಗೆಳೆಯನ ಮನೆಯಿಂದ ಬೆಳಗಿನ ವಾಕಿಂಗ್ ಹೊರಟವನು ಫುಟ್‌ಬಾಲ್ ಮೈದಾನದ ಕ್ಯಾಂಟೀನಿನಲ್ಲಿ ಟೀಗೆ ನಿಂತೆ. ಟೀ ಕೊಟ್ಟ ಸವಿತಾ ಮೈಸೂರಿನವರು. ಮಗಳು ಇಲ್ಲಿನ ಟೀಮಿನಲ್ಲಿ ಆಡುತ್ತಾಳಂತೆ.

"ಈ ಸಲ ಲೀಗಲ್ಲಿ ನಮ್ಮ ಹುಡುಗೀರೇ ಫಸ್ಟು. ಆದ್ರೂ ಮೇಲಿನ ಡಿವಿಷನ್‌ಗೆ ತಗೊಳ್ಳಲಿಲ್ಲ ಅಂಕಲ್. ಗ್ರೌಂಡಿಗೂ ಗ್ರೇಡ್ ಇರುತ್ತೆ. ರಾತ್ರಿ ಆಟಕ್ಕೆ ಲೈಟ್ ಇಲ್ಲ ಅಂತ ನಮ್ಮದು ಫೇಲ್."

"ಹಾಕಿಸಬಹುದಲ್ಲಮ್ಮ?"

"ಕೌನ್ಸಿಲ್ ರೆಡಿ ಇತ್ತು. ಅಕ್ಕಪಕ್ಕದ ಮನೆಯವರು ಕಣ್ಣಿಗೆ ಹೊಡೆಯುತ್ತೆ, ಗಲಾಟೆ ಆಗುತ್ತೆ, ಬೇಡ ಅಂತ ಸೈನ್ ಮಾಡಿ ಕೊಟ್ರು."

ನನ್ನ ಕಿವಿ ಬಿಸಿಯಾಯಿತು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಮ್ಮ ಮನೆಯ ಹಿಂದೆಯೂ ಇಂಥದೇ ಮೈದಾನವಿದೆ. ಹೋದ ತಿಂಗಳು ಸತ್ಯನಾರಾಯಣ ಪೂಜೆಯೊಂದರಲ್ಲಿ, ಪ್ರಸಾದದ ಸಾಲಿನ ಪಕ್ಕ, ಬೀದಿಯ ಹಿರಿಯರೊಬ್ಬರು ಇಂಥದೇ ಕಾಗದ ಹಿಡಿದು ನಿಂತಿದ್ದರು. ಓದಲಿಲ್ಲ ಎನ್ನುವಂತಿಲ್ಲ, ಲೈಟು ಬೇಡವೆಂದು ಬರೆದದ್ದು ಕಂಡಿತ್ತು. ದೊಡ್ಡವರಿಗೆ ಇಲ್ಲವೆನ್ನಲಾರದೆ, ಬಲಗೈಯಲ್ಲಿ ಪ್ರಸಾದವಿದ್ದುದರಿಂದ ಎಡಗೈಯಲ್ಲೇ ಸಹಿ ಗೀಚಿದ್ದೆ.

"ನಿಮ್ಮ ಕಡೆ ಗ್ರೌಂಡಲ್ಲಿ ಲೈಟ್ ಇದೆಯಾ ಅಂಕಲ್?"

"ಇಲ್ಲಮ್ಮ."

"ಹಾಗಾದ್ರೆ ನಮ್ಮ ಕಷ್ಟ ನಿಮಗೆ ಅರ್ಥ ಆಗುತ್ತೆ," ಎಂದು ಸವಿತಾ ಎರಡು ಬಿಸ್ಕತ್ತು ಮುಂದೆ ಹಿಡಿದರು.

ಬಲಗೈಯಲ್ಲಿ ಟೀ ಇತ್ತು. ಎಡಗೈ ಚಾಚಲು ನನ್ನಿಂದಾಗಲಿಲ್ಲ.